ಹೆತ್ತಿಲ್ಲ ಅಷ್ಟೇ

ಮೂರನೆಯ ಪುಟದ ಅಡಿಯಲ್ಲಿ ತನ್ನದೇ ಸಂಖ್ಯೆ ಕಂಡಾಗ ದುಭಾಷಿ ಓದುವುದನ್ನು ನಿಲ್ಲಿಸಿದಳು. ನಾಲ್ಕುನೂರ ಹದಿನೇಳು. ಆ ದೇಶದ ಕಡತಗಳಲ್ಲಿ ದುಭಾಷಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅವಳ ಕೊರಳಲ್ಲಿ ನೇತಾಡುವ ಕಾರ್ಡಿನ ಮೇಲಿದ್ದದ್ದೂ ಅದೇ.

ಅವಳು ಕೂತಿದ್ದದ್ದು ನ್ಯಾಯಾಲಯದ ಎರಡನೇ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಚಿಕ್ಕ ಕೋಣೆಯಲ್ಲಿ. ವಿಚಾರಣೆಗೆ ಅರ್ಧ ಗಂಟೆ ಮೊದಲು ಕಡತ ಓದಲು ಕೊಡುತ್ತಿದ್ದರು. ತನ್ನ ದೇಶದಿಂದ ಬಂದವರ ಮಾತನ್ನು ಇಲ್ಲಿನ ಭಾಷೆಗೆ, ಇಲ್ಲಿನವರ ಮಾತನ್ನು ಅವರ ಭಾಷೆಗೆ ತಿರುಗಿಸುವುದು ಹನ್ನೊಂದು ವರ್ಷಗಳಿಂದ ಅವಳ ಕಸುಬು. ಬೆಳಿಗ್ಗೆ ನ್ಯಾಯಾಲಯ, ಮಧ್ಯಾಹ್ನದ ಮೇಲೆ ಫೋನಿನಲ್ಲಿ ಗಡಿ ಕಚೇರಿಯ ಕೆಲಸ. ದಿನಕ್ಕೆ ಹತ್ತು ಹನ್ನೆರಡು ಕರೆ. ಮುಖ ಕಾಣದ ಜನ, ಮುಗಿದ ಮೇಲೆ ನೆನಪಿನಲ್ಲಿ ಉಳಿಯದ ಜನ.

ಆದರೆ ಈ ಕರೆ ಅವಳಿಗೆ ನೆನಪಿತ್ತು.

ಕಡತದ ಹೆಂಗಸು ಬಟ್ಟೆ ತಿದ್ದಿಕೊಡುವ ಅಂಗಡಿಯೊಂದರಲ್ಲಿ ಹೊಲಿಗೆಯಾಕೆ, ವಯಸ್ಸು ಐವತ್ತೆರಡು. ಹದಿನಾಲ್ಕು ತಿಂಗಳ ಹಿಂದೆ ಎಂಟು ವರ್ಷದ ಹುಡುಗಿಯೊಬ್ಬಳ ಕೈ ಹಿಡಿದು ಈ ದೇಶಕ್ಕೆ ಬಂದಿದ್ದಳು. ಗಡಿ ಕಚೇರಿಯ ಅರ್ಜಿಯಲ್ಲಿ 'ಮಗುವಿಗೂ ನಿಮಗೂ ಸಂಬಂಧ' ಎಂಬಲ್ಲಿ 'ತಾಯಿ' ಎಂದು ಬರೆದಿತ್ತು. ಎರಡು ತಿಂಗಳ ಹಿಂದೆ ಶಾಲೆಯವರು ಯಾವುದೋ ಪರೀಕ್ಷೆಗಾಗಿ ಹುಡುಗಿಯ ಜನನ ದಾಖಲೆ ತರಿಸಿದರೆ ಅದರಲ್ಲಿ ತಾಯಿಯ ಹೆಸರು ಬೇರೆ. ಹೊಲಿಗೆಯಾಕೆಯ ತಂಗಿಯದು. ಹೆತ್ತ ನಾಲ್ಕನೇ ದಿನಕ್ಕೆ ತೀರಿಕೊಂಡವಳದು. ಸುಳ್ಳು ಹೇಳಿಕೆ ಎಂದು ಮೊಕದ್ದಮೆ ಬಿತ್ತು. ಹುಡುಗಿಯನ್ನು ಬೇರೊಂದು ಮನೆಯಲ್ಲಿ ಇರಿಸಿ ಇಂದಿಗೆ ಇಪ್ಪತ್ತೆರಡು ದಿನ.

ಅವರ ದೇಶದಲ್ಲಿ ಇದು ಮಾತೇ ಅಲ್ಲ. ತಾಯಿ ಸತ್ತ ಕೂಸನ್ನು ಅಕ್ಕನ ಮಡಿಲಿಗೆ ಹಾಕಿದರೆ ಮುಗಿಯಿತು. ಕೇರಿ ಒಪ್ಪಿದ್ದನ್ನು ಶಾಲೆ ಒಪ್ಪುತ್ತಿತ್ತು, ಶಾಲೆ ಒಪ್ಪಿದ್ದನ್ನು ಕಚೇರಿ ಒಪ್ಪುತ್ತಿತ್ತು. ಇಲ್ಲಿ ಹಾಗಲ್ಲ. ಇಲ್ಲಿ ಹಿಂದೊಂದು ಕಾಲದಲ್ಲಿ 'ನೆಂಟರ ಮಕ್ಕಳು' ಎಂದು ಹೇಳಿ ಯಾರದೋ ಮಕ್ಕಳನ್ನು ಕರೆತಂದು ಕಾರ್ಖಾನೆಗಳಿಗೆ ನೂಕುತ್ತಿದ್ದರಂತೆ. ಬೆಂಕಿ ಬಿದ್ದ ಒಂದು ಕಾರ್ಖಾನೆಯಲ್ಲಿ ಮೂವತ್ತು ಮಕ್ಕಳು ಸತ್ತ ಮೇಲೆ, ಹೆತ್ತವಳನ್ನು ಮಾತ್ರ ತಾಯಿ ಎಂದು ಬರೆಸಬೇಕೆಂಬ ಈ ಕಾನೂನು ಬಂತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಲ್ಲ, ಹಾಗೆ.

ದುಭಾಷಿಗೆ ಆ ದಿನದ ಕರೆ ಪೂರಾ ನೆನಪಿಗೆ ಬಂತು. ಅಂದು ಒಂಬತ್ತನೆಯದೋ ಹತ್ತನೆಯದೋ ಕರೆ. ಗಡಿಯ ಅಧಿಕಾರಿಗೆ ಅವಸರ. "ತಾಯಿ ಹೌದೋ ಅಲ್ಲವೋ, ಒಂದೇ ಪದದಲ್ಲಿ ಹೇಳಿಸಿ" ಎಂದಿದ್ದ. ಆ ಕಡೆಯ ಹೆಣ್ಣುದನಿ ದಣಿದಿತ್ತು. "ಅವಳಿಗೆ ದೊಡ್ಡಮ್ಮ ಆಗಬೇಕು. ಆದ್ರೆ ನಾಲ್ಕು ದಿನದ ಕೂಸಿಂದ ಸಾಕಿದೀನಿ. ಹೆತ್ತಿಲ್ಲ ಅಷ್ಟೇ, ತಾಯಿ ನಾನೇ" ಎಂದಿತ್ತು. ದುಭಾಷಿ ಅಧಿಕಾರಿಗೆ ಹೇಳಿದ್ದು ಒಂದೇ ಪದ: "ತಾಯಿ."

ಹೆತ್ತಿಲ್ಲ ಅಷ್ಟೇ. ಅದನ್ನು ಅವಳು ನುಂಗಿಬಿಟ್ಟಿದ್ದಳು. ಕೂಡಿಸುವುದಿಲ್ಲ, ಕಳೆಯುವುದಿಲ್ಲ ಎಂದು ಕೈ ಎತ್ತಿ ಆಣೆ ಮಾಡಿ ಪಡೆದ ಕಾರ್ಡು ಕೊರಳಲ್ಲಿ ಭಾರವಾಯಿತು. ಫೋನಿನ ಧ್ವನಿಮುದ್ರಣವನ್ನು ಮೂರು ತಿಂಗಳಿಗೆ ಅಳಿಸುತ್ತಾರೆ. ಸಾಕ್ಷಿ ಎಂದು ಉಳಿದದ್ದು ಅವಳ ತಲೆಯೊಳಗಿನದಷ್ಟೇ.

ಅವಳು ಮೆಟ್ಟಿಲ ತಿರುವಿಗೆ ಹೋಗಿ ಗಂಡನಿಗೆ ಫೋನು ಮಾಡಿದಳು. ಅವನು ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದ. ಕೊನೆಯ ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲಿಸುವ ಹೊತ್ತು. ಅವಳು ಎಲ್ಲ ಹೇಳಿದಳು.

"ಯಾರಿಗಾದ್ರೂ ಗೊತ್ತಾ?" ಅಂದ.

"ನನಗೆ ಗೊತ್ತು."

"ಅದನ್ನ ಕೇಳಲಿಲ್ಲ ನಾನು."

"ಇಲ್ಲ. ಬೇರೆ ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ಹುತ್ತಕ್ಕೆ ಯಾಕೆ ಕೈ ಹಾಕ್ತೀಯ? ನಿನ್ನ ಕಾರ್ಡು ಹೋದ್ರೆ ನಾವು ಇಲ್ಲಿರೋ ಪರವಾನಗಿ ಹೋಯ್ತು. ಮೂವರೂ ನಿನ್ನ ಕಸುಬಿನ ಮೇಲೆ ಇಲ್ಲಿರೋದು ಕಣೇ. ನನಗೆ ಬೇಡ, ಅಮ್ಮನ ಬಗ್ಗೆ ಯೋಚನೆ ಮಾಡು. ಈ ವಯಸ್ಸಲ್ಲಿ ಅವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"

ಅವಳ ಅತ್ತೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರು. "ನೋಡ್ತೀನಿ" ಎಂದು ಫೋನು ಇಟ್ಟಳು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಗಿತ್ತು.

ವಿಚಾರಣೆಯ ಕೋಣೆಯಲ್ಲಿ ಹೊಲಿಗೆಯಾಕೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಬೆರಳಿನ ತುದಿಗಳೆಲ್ಲ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದವು. ದುಭಾಷಿ ನಿಯಮದಂತೆ, "ನಾನು ನಿಮ್ಮ ದುಭಾಷಿ. ನೀವು ಹೇಳಿದ್ದನ್ನೆಲ್ಲ ಹಾಗೇ ಹೇಳ್ತೀನಿ" ಎಂದಳು. ಹೊಲಿಗೆಯಾಕೆ ತಟ್ಟನೆ ತಲೆಯೆತ್ತಿ ಅವಳ ಮುಖವನ್ನಲ್ಲ, ಬಾಯಿಯನ್ನು ನೋಡಿದಳು. ಏನೋ ಕೇಳಲು ಹೊರಟು ಸುಮ್ಮನಾದಳು. ಗುರುತು ಹಿಡಿದಳೇ? ಫೋನಿನಲ್ಲಿ ಒಮ್ಮೆ ಕೇಳಿದ ದನಿ ಯಾರಿಗೆ ನೆನಪಿರುತ್ತದೆ? ದುಭಾಷಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೊದಲು ಹುಡುಗಿಯನ್ನು ಕರೆದರು. ಶಾಲೆಯ ಉಡುಪು, ಬಿಗಿಯಾಗಿ ಬಾಚಿದ ತಲೆ. ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟು ಮೆಲ್ಲಗೆ, "ಅಲ್ಲಿ ಕೂತಿರುವವರು ಯಾರು, ಪುಟ್ಟಿ?" ಎಂದು ಕೇಳಿದರು.

ಹುಡುಗಿ ಇಲ್ಲಿನ ಭಾಷೆಯಲ್ಲೇ ಉತ್ತರ ಹೇಳಿದಳು. ಆ ಭಾಷೆಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ ಎಲ್ಲರಿಗೂ ಒಂದೇ ಪದ, ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿಯ ಹಾಗೆ. ಹುಡುಗಿ ಆ ಪದ ಹೇಳಿದಳು. ಹೇಳಿ ಹೊಲಿಗೆಯಾಕೆಯ ಕಡೆ ನೋಡಿದಳು, ಸರಿಯಾಗಿ ಒಪ್ಪಿಸಿದೆನಾ ಎಂಬಂತೆ.

ಹೊಲಿಗೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೇ ಹೇಳ್ಕೊಟ್ಟಿದ್ದು. ಅಮ್ಮ ಅಂದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ ಅಂತ ಅಂಗಡಿಯೋರು ಹೆದರಿಸಿದ್ರು. ಅವತ್ತಿಂದ ಮನೇಲೂ ಹಾಗೇ ಅನ್ನು ಅಂದೆ. ಮೊದಲು ಅಳ್ತಿದ್ಲು. ಆಮೇಲೆ ರೂಢಿ ಆಯ್ತು."

ದುಭಾಷಿ ಅದನ್ನು ತಿರುಗಿಸಿದಳು. ದುಭಾಷಿ 'ನಾನು' ಎಂದೇ ಹೇಳಬೇಕು, 'ಅವಳು' ಎನ್ನುವಂತಿಲ್ಲ. ನಾನೇ ಹೇಳಿಕೊಟ್ಟದ್ದು. ಮೊದಲು ಅಳುತ್ತಿದ್ದಳು.

ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ಸರ್ಕಾರಿ ವಕೀಲ ಎದ್ದ. ಕೆಟ್ಟವನೇನಲ್ಲ; ಕಾಗದ ಹೇಳಿದ್ದನ್ನು ನಂಬುವ ಮನುಷ್ಯ. "ನೀವು ಈ ಮಗುವಿನ ತಾಯಿಯಲ್ಲ. ಹೌದೋ ಅಲ್ಲವೋ?"

"ದೊಡ್ಡಮ್ಮ."

"ಅಂದರೆ ಅಲ್ಲ. ಆದರೂ ಗಡಿಯಲ್ಲಿ ತಾಯಿ ಎಂದು ಬರೆಸಿದಿರಿ. ಆ ದಿನ ದುಭಾಷಿಗೆ ನೀವು ಹೇಳಿದ್ದಾದರೂ ಏನು?"

ದುಭಾಷಿ ಪ್ರಶ್ನೆಯನ್ನು ತಿರುಗಿಸಿದಳು. ಕೊನೆಯ ಪದದಲ್ಲಿ ಅವಳ ದನಿ ಒಡೆಯಿತು. ಹೊಲಿಗೆಯಾಕೆ ಅವಳನ್ನೇ ನೋಡುತ್ತಿದ್ದಳು. ಸಂಶಯವೇ ಇರಲಿಲ್ಲ, ಗುರುತು ಹಿಡಿದಿದ್ದಳು. ಈಗ ಹೇಳುತ್ತಾಳೆ. ಇವಳೇ, ಈ ಹೆಂಗಸೇ ಎಂದು ಬೆರಳು ತೋರಿಸುತ್ತಾಳೆ. ದುಭಾಷಿಗೆ ಒಂದು ಕ್ಷಣ, ತೋರಿಸಿಬಿಡಲಿ ಎಂದೇ ಅನ್ನಿಸಿತು.

ಹೊಲಿಗೆಯಾಕೆ ನಿಧಾನವಾಗಿ ಹೇಳಿದಳು: "ಸರಿಯಾಗಿ ನೆನಪಿಲ್ಲ ಸ್ವಾಮಿ. ನಾನೇ ಹಾಗೆ ಹೇಳಿರಬಹುದು. ಆ ಹೆಣ್ಣುಮಗಳದ್ದೇನೂ ತಪ್ಪಿಲ್ಲ. ಅವರಿಗೂ ಸಂಸಾರ ಇರುತ್ತೆ."

ಕೋಣೆ ಕಾಯಿತು. ನ್ಯಾಯಾಧೀಶೆ ಅವಳತ್ತ ತಿರುಗಿ, "ದುಭಾಷಿಯವರೇ?" ಎಂದರು.

ಅವಳು ತಿರುಗಿಸಿದಳು. ಒಂದು ಪದ ಕೂಡಿಸಲಿಲ್ಲ, ಕಳೆಯಲಿಲ್ಲ. ನಾನೇ ಹಾಗೆ ಹೇಳಿರಬಹುದು, ಆ ಹೆಣ್ಣುಮಗಳದ್ದೇನೂ ತಪ್ಪಿಲ್ಲ, ಅವರಿಗೂ ಸಂಸಾರ ಇರುತ್ತದೆ. ತನ್ನನ್ನು ಕ್ಷಮಿಸುವ ಮಾತನ್ನು ತನ್ನ ಬಾಯಿಂದಲೇ ಆಡಿ ಮುಗಿಸಿ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಸರ್ಕಾರಿ ವಕೀಲ ಕೂರುತ್ತಿದ್ದ.

"ಇನ್ನು ಆಡುವುದು ನನ್ನ ಮಾತು" ಎಂದಳು. "ನಾಲ್ಕುನೂರ ಹದಿನೇಳು ಅಂದರೆ ನಾನು. ಅವರು ಅಂದು ಸುಳ್ಳು ಹೇಳಲಿಲ್ಲ. 'ದೊಡ್ಡಮ್ಮ, ಹೆತ್ತಿಲ್ಲ ಅಷ್ಟೇ' ಎಂದಿದ್ದರು. ಅದನ್ನು ಬಿಟ್ಟವಳು ನಾನು."

ಸರ್ಕಾರಿ ವಕೀಲನ ಲೇಖನಿ ನಿಂತಿತು. ನ್ಯಾಯಾಧೀಶೆ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ಸಿಟ್ಟೋ, ಕನಿಕರವೋ ತಿಳಿಯಲಿಲ್ಲ. "ನೀವು ಹೊರಗೆ ಹೋಗಿ ಕೂತಿರಿ" ಎಂದರು. ಹೊಲಿಗೆಯಾಕೆಗೆ ಏನು ನಡೆಯಿತೆಂದು ಅರ್ಥವಾಗಲಿಲ್ಲ, ಹೇಳುವವರೂ ಇರಲಿಲ್ಲ. ಗಾಬರಿಯಿಂದ, "ಏನಂದ್ರಮ್ಮಾ? ನನ್ನ ಮಗು ಕೊಡಲ್ವಂತಾ?" ಎಂದು ಕೇಳಿದಳು. ಆ ಮಾತನ್ನು ತಿರುಗಿಸುವ ಅಧಿಕಾರ ಅಷ್ಟರಲ್ಲಿ ದುಭಾಷಿಗೆ ಉಳಿದಿರಲಿಲ್ಲ.

ಆಮೇಲಿನದು ನಿಧಾನಕ್ಕೆ ಆಯಿತು. ಹದಿನಾರು ದಿನಗಳ ನಂತರ ಹುಡುಗಿಯನ್ನು ಹೊಲಿಗೆಯಾಕೆಯ ಪಾಲನೆಗೆ ಒಪ್ಪಿಸಿ ಆದೇಶ ಬಂತು; ತಾಯಿ ಎಂದಲ್ಲ, ಪೋಷಕಿ ಎಂದು, ಮೂರು ತಿಂಗಳಿಗೊಮ್ಮೆ ಅಧಿಕಾರಿಯೊಬ್ಬರು ಮನೆ ನೋಡುವ ಷರತ್ತಿನ ಮೇಲೆ. ದುಭಾಷಿಯನ್ನು ಆರು ತಿಂಗಳು ಪಟ್ಟಿಯಿಂದ ತೆಗೆದರು. ವಾಸದ ಪರವಾನಗಿ ರದ್ದಾಗಲಿಲ್ಲ, ಪರಿಶೀಲನೆಯಲ್ಲಿದೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವಳು ಒಂದು ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ಗಂಡ ಜಗಳ ಮಾಡಲಿಲ್ಲ; ಅಂಚೆ ಪೆಟ್ಟಿಗೆ ತೆರೆಯುವ ಕೆಲಸವನ್ನು ಮಾತ್ರ ಅವಳಿಗೆ ಬಿಟ್ಟ. ಪರವಾನಗಿ ರದ್ದಾದ ಕಾಗದ ಬಂದಿದೆಯೇ ಎಂದು ಅವಳು ಪ್ರತಿದಿನ ಅದರ ಬೀಗ ತೆಗೆದು ನೋಡುತ್ತಿದ್ದಳು. ಅತ್ತೆ ಒಮ್ಮೆ, "ನಾನು ಸಾಯೋದು ಎಲ್ಲಾದ್ರೂ ಸಾಯ್ತೀನಿ, ನೀನು ಅನ್ನ ಬಿಡಬೇಡ" ಎಂದರು.

ನಾಲ್ಕನೇ ತಿಂಗಳಲ್ಲಿ ಗಡಿ ಕಚೇರಿಯಿಂದಲೇ ಕರೆ ಬಂತು. ನ್ಯಾಯಾಧೀಶೆ ತಮ್ಮ ಆದೇಶದ ಕೊನೆಗೆ, ಅರ್ಜಿಯಲ್ಲಿ ಮಗುವನ್ನು ಸಾಕಿದವರಿಗೆ ಒಂದು ಜಾಗ ಬೇಕು ಎಂದು ಬರೆದಿದ್ದರಂತೆ. ಅದನ್ನು ಹೇಗೆ ಕೇಳಬೇಕೆಂದು ಬೇರೆ ಬೇರೆ ದೇಶದವರನ್ನು ಕೂರಿಸಿ ವಿಚಾರಿಸುತ್ತಿದ್ದರು. ಉದ್ದ ಮೇಜಿನ ಸುತ್ತ ಏಳು ಜನ. ದುಭಾಷಿ ದೊಡ್ಡಮ್ಮ, ಚಿಕ್ಕಮ್ಮ ಎಂದು ವಿವರಿಸಿ, ನಮ್ಮಲ್ಲಿ ಇವೆರಡರಲ್ಲೂ ಅಮ್ಮ ಇದ್ದಾಳೆ, ನೆಂಟರ ಮಾತನ್ನೂ ಕಾನೂನು ಕೇಳಬೇಕು ಎಂದಳು. ಅವಳ ಎದುರಿಗೆ ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ಕೂತಿದ್ದ, ಬೇರೆ ದೇಶದವನು.

"ನಮ್ಮಲ್ಲಿ ನೆಂಟರ ಮಾತೇ ಕಾನೂನು ಕಣಮ್ಮಾ" ಎಂದ. "ಅಪ್ಪನ ಅಣ್ಣನೂ ಅಪ್ಪನೇ. ನನ್ನ ತಂಗಿಯ ಗಂಡ ಸತ್ತಾಗ ಅವನ ಅಣ್ಣ ಬಂದು ಇಬ್ಬರು ಮಕ್ಕಳನ್ನೂ ಕರ್ಕೊಂಡು ಹೋದ. ನ್ಯಾಯಾಲಯ ಸರಿ ಅಂತು. ತಂಗಿ ಬಾಗಿಲಲ್ಲಿ ನಿಂತು ನೋಡಿದ್ಲು, ಅಷ್ಟೇ. ಅದಕ್ಕೇ ನಾವು ಆ ದೇಶ ಬಿಟ್ಟಿದ್ದು."

ಯಾವ ಬಾಗಿಲು ತೆರೆಯಲು ಅವಳು ಇಷ್ಟೆಲ್ಲ ಕಳೆದುಕೊಂಡಿದ್ದಳೋ ಅದೇ ಬಾಗಿಲಿನಿಂದ ಯಾರದೋ ಮಕ್ಕಳು ಹೊರಗೆ ಹೋಗಿದ್ದವು. ಸಂಜೆಯವರೆಗೆ ಕೂತು ಎಲ್ಲರೂ ಸೇರಿ ಒಂದು ಸಾಲು ಬರೆದರು: ಈ ಮಗುವನ್ನು ಇಷ್ಟು ದಿನ ಯಾರು ಸಾಕಿದರು, ಮಗು ಯಾರ ಬಳಿ ಇರಲು ಬಯಸುತ್ತದೆ. ಕೊನೆಯ ಐದು ಪದಗಳನ್ನು ಹಟ ಹಿಡಿದು ಸೇರಿಸಿದವನು ಮುದುಕ. ಅದೂ ಯಾವ ಮನೆಗೆ ಮುಳ್ಳಾಗುತ್ತದೋ ಎಂದು ಬಸ್ಸಿನಲ್ಲಿ ಉದ್ದಕ್ಕೂ ಅವಳಿಗೆ ಕಳವಳ.

ಪರವಾನಗಿಯನ್ನು ಒಂದು ವರ್ಷಕ್ಕೆ ಮಾತ್ರ ಮುಂದುವರಿಸಿದರು. ಹಿಂದೆ ಐದು ವರ್ಷಕ್ಕೆ ಕೊಡುತ್ತಿದ್ದರು.

ಆ ವಾರ ಲಾಂಡ್ರಿಯಿಂದ ಬರುವಾಗ ಶಾಲೆಯ ಗೇಟಿನ ಬಳಿ ಹೊಲಿಗೆಯಾಕೆ ಸಿಕ್ಕಳು. ಮಗಳನ್ನು ಕರೆದುಕೊಂಡು ಹೋಗಲು ನಿಂತಿದ್ದಳು.

"ಮನೆ ನೋಡೋಕೆ ಬರೋ ಅಧಿಕಾರಿ ಒಳ್ಳೆಯವಳೇ" ಎಂದಳು. "ಹಾಸಿಗೆ ನೋಡ್ತಾಳೆ, ಪುಸ್ತಕ ನೋಡ್ತಾಳೆ, ಹೋಗ್ತಾಳೆ. ಅವಳು ಬರೋ ಹಿಂದಿನ ದಿನ ನನಗೆ ಹೊಲಿಗೆ ನೆಟ್ಟಗೆ ಬೀಳಲ್ಲ."

"ಪುಟ್ಟಿ ಹೇಗಿದಾಳೆ?"

"ಚೆನ್ನಾಗಿದಾಳೆ. ಆದ್ರೆ ನನ್ನನ್ನ ಈಗ ಏನೂ ಅಂತ ಕರೆಯಲ್ಲ. ಅಮ್ಮ ಅನ್ನು, ಈಗ ಪರವಾಗಿಲ್ಲ ಅಂದೆ. ತಲೆ ಆಡಿಸ್ತಾಳೆ. ಆ ಇನ್ನೊಂದು ಪದಾನೂ ಅನ್ನಲ್ಲ. ಹತ್ರ ಬಂದು ನಿಂತ್ಕೋತಾಳೆ, ಇಲ್ಲ ಸೆರಗು ಎಳೀತಾಳೆ."

ಗಂಟೆ ಹೊಡೆಯಿತು, ಗೇಟು ತೆರೆಯಿತು, ಮಕ್ಕಳು ನುಗ್ಗಿದವು. ಆ ಗದ್ದಲದಲ್ಲಿ ಅಮ್ಮಾ ಎನ್ನುವ ದನಿಗಳು ಎಷ್ಟೋ ಭಾಷೆಯಲ್ಲಿ ಕೇಳಿಸಿದವು. ಹುಡುಗಿ ಓಡಿ ಬಂದು ಚೀಲವನ್ನು ಹೊಲಿಗೆಯಾಕೆಯ ಕೈಗೆ ತುರುಕಿದಳು.

"ಹಸಿವು" ಎಂದಳು, ತಮ್ಮ ಭಾಷೆಯಲ್ಲೇ.

"ಬಾ" ಎಂದಳು ಹೊಲಿಗೆಯಾಕೆ. ಇಬ್ಬರೂ ರಸ್ತೆ ದಾಟಿದರು.