ಮೂರನೇ ತಿರುವಿನಲ್ಲಿ ಆರ್ವಿಲ್

"ಇದು ಹೊಸ ಗಾಡಿ ಕಣಯ್ಯಾ, ಮಣ್ಣು ಅಂದ್ರೆ ಏನೂಂತಲೇ ಗೊತ್ತಿಲ್ಲ ಇದಕ್ಕೆ," ಎನ್ನುತ್ತ ಶವದ ಗಾಡಿಯ ಚಾಲಕ ಫರ್ಮನ್ ಲೆಡ್‌ಬೆಟರ್ ಅದರ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆ ಕೆಂಪು ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ.

"ಇವತ್ತು ಗೊತ್ತಾಗುತ್ತೆ ಬಿಡು," ಎಂದ ಗ್ರೇಡಿ ಬಮ್‌ಗಾರ್ನರ್. "ಒಳಗೆ ಮಲಗಿರೋನು ಹೇಳ್ಕೊಡ್ತಾನೆ."

ಒಳಗೆ ಮಲಗಿದ್ದವನು ಆರ್ವಿಲ್ ಸ್ಟೇಮಿ. ವಾರವಿಡೀ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿ, ಶನಿವಾರ ಸಂಜೆ ಓಟದ ಕಾರು ಓಡಿಸುತ್ತಿದ್ದ ಮನುಷ್ಯ. ಕ್ಯಾರೊಲೈನಾದ ನಮ್ಮ ಈ ಬೆಟ್ಟದ ಸೀಮೆಯಲ್ಲಿ ಅಂಥವನು ಸತ್ತರೆ ಚರ್ಚಿನಿಂದ ನೇರ ಗುಂಡಿಗೆ ಒಯ್ಯುವುದಿಲ್ಲ. ಸ್ಟೋನಿ ಫೋರ್ಕ್ ಓಟದ ಮೈದಾನದಲ್ಲಿ ಕೊನೆಯದೊಂದು ಸುತ್ತು ಹಾಕಿಸುತ್ತೇವೆ. ಪಾದ್ರಿಗಳು ಮೊದಮೊದಲು ಮೂಗು ಮುರಿದರು. ಈಗ ಅವರೂ ಬಂದು ಪ್ರೇಕ್ಷಕರ ಹಲಗೆಯ ಮೆಟ್ಟಿಲ ಮೇಲೆ ಕೂರುತ್ತಾರೆ. ಓಟಗಳು ನಿಂತು ವರ್ಷಗಳೇ ಆದವು, ಆದರೂ ಯಾರಾದರೂ ಹೋದರೆಂದರೆ ಉಳಿದವರು ಬೆಳಿಗ್ಗೆಯೇ ಬಂದು ಹುಲ್ಲು ಕೊಯ್ದು, ಓಟದ ಮಣ್ಣುದಾರಿಗೆ ನೀರು ಹಾಯಿಸಿ ಹೋಗುತ್ತಾರೆ.

ಗಾಡಿಯ ಹಿಂದೆ ಹಳೆಯ ಕಾರುಗಳು ಸಾಲುಗಟ್ಟಿದ್ದವು. ಬಾಗಿಲ ಮೇಲೆ ಕೈಯಿಂದ ಬರೆದ ನಂಬರು, ಸುತ್ತಿಗೆ ಏಟು ತಿಂದು ತಿಂದು ಸೊಟ್ಟಗಾದ ಮೈ. ಒಳಗೆ ಸಾವಿನ ಕಪ್ಪು ಸೂಟು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡ ಮುದುಕರು. ಮೊದಲನೆಯದು ಗ್ರೇಡಿಯ ಹಳದಿ ಕಾರು. ಆರ್ವಿಲ್‌ನ ಹಿಂದಿನ ಜಾಗ ಯಾವತ್ತೂ ಅವನದೇ ಆಗಿತ್ತು, ಇವತ್ತು ಯಾರೂ ತಕರಾರು ಮಾಡಲಿಲ್ಲ.

ಆರ್ವಿಲ್‌ನ ಹೆಂಡತಿ ವರ್ನೆಲ್ ಮಾತ್ರ ಮೈದಾನದ ಬಾಗಿಲ ಹೊರಗೇ ನಿಂತಿದ್ದಳು.

"ಅತ್ತೆ, ಬನ್ನಿ, ಮುಂದಿನ ಸೀಟಲ್ಲಿ ಕೂತ್ಕೊಳ್ಳಿ," ಎಂದ ಆರ್ವಿಲ್‌ನ ತಂಗಿಯ ಮಗ ಟೆರೆಲ್.

"ನಾನು ಒಳಗೆ ಹೋಗೋಳಲ್ಲ ಕಣೋ. ಆ ಓಕ್ ಮರದ ಕೆಳಗೆ ಇರ್ತೀನಿ. ನಿನ್ನ ಹೆಂಡತೀನೂ ಅಲ್ಲೇ ಇದಾಳಲ್ಲ."

ಟೆರೆಲ್‌ನ ಹೆಂಡತಿ ಮಾರ್ಲಾ ಇಂಜಿನ್ ಸದ್ದಿಗೆ ಕೂಸು ಎದ್ದೀತೆಂದು ಹೊರಗಿನ ಬಯಲಿನಲ್ಲೇ ಉಳಿದಿದ್ದಳು.

ಒಳಗೆ ಗಂಡಸರು ನಗುತ್ತಿದ್ದರು. ಗ್ರೇಡಿಯ ದನಿ ಎಲ್ಲರಿಗಿಂತ ಮೇಲಿತ್ತು. "ಸುತ್ತು ಹಾಕುವಾಗ ಮೂರನೇ ತಿರುವಲ್ಲಿ ಹುಷಾರು ಕಣೋ ಫರ್ಮನ್! ಅಲ್ಲಿ ಅವನು ಪೆಟ್ಟಿಗೆಯೊಳಗಿಂದಾನೂ ಆಕ್ಸಿಲರೇಟರಿಂದ ಕಾಲು ತೆಗೀತಾನೆ!"

ಮುದುಕರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಮಾತಿಗೆ ಊರಿನಲ್ಲಿ ಹಲ್ಲು ಬಿಡದವರೇ ಇಲ್ಲ. ನಕ್ಕಿದ್ದು ಕೇಳಿ ವರ್ನೆಲ್ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಳು.

*

ಮದುವೆಯಾದ ಹೊಸತರಲ್ಲಿ ಅವಳು ಒಮ್ಮೆ ಮೆಟ್ಟಿಲ ಮೇಲೆ ಕೂತು ಓಟ ನೋಡಿದ್ದಳು. ಅವತ್ತು ಯಾರದೋ ಕಾರು ಬೇಲಿಗೆ ಬಡಿದು ಉರುಳಿ ಉರುಳಿ ಬಿತ್ತು. ಅದು ಆರ್ವಿಲ್‌ನದಲ್ಲ, ಓಡಿಸುತ್ತಿದ್ದವನಿಗೆ ದೊಡ್ಡ ಪೆಟ್ಟೂ ಆಗಲಿಲ್ಲ. ಆದರೆ ಅವಳ ಜೀವ ಬಾಯಿಗೆ ಬಂದಿತ್ತು. ಆಮೇಲೆ ಅವಳು ಮೈದಾನದೊಳಗೆ ಕಾಲಿಡಲಿಲ್ಲ, ಮನೆಯಲ್ಲೂ ಇರಲಾರದೆ ಹೋದಳು. ಪ್ರತಿ ಶನಿವಾರ ಗಂಡನ ಜೊತೆ ಬಂದು, ಮನೆಯ ಕಾರನ್ನು ಓಕ್ ಮರದ ಕೆಳಗೆ ನಿಲ್ಲಿಸಿ, ಅದರ ಮೂತಿಯ ಮೇಲೆ ಮೈದಾನಕ್ಕೆ ಬೆನ್ನು ಮಾಡಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

ಕಣ್ಣು ತಿರುಗಿಸಿದರೂ ಕಿವಿ ಅಲ್ಲೇ ಇತ್ತು. ಹತ್ತಾರು ಇಂಜಿನ್‌ಗಳ ನಡುವೆ ಗಂಡನದನ್ನು ಅವಳು ಹೆಕ್ಕಿ ತೆಗೆಯುತ್ತಿದ್ದಳು. ಸದ್ದು ಎದುರು ಬದಿಯ ನೇರ ದಾರಿಯಲ್ಲಿ ಕಿರುಚುತ್ತ ಏರಿ ಮೂರನೇ ತಿರುವಿನ ಹತ್ತಿರ ಬರುವಾಗ, ಉಳಿದವರಿಗಿಂತ ಒಂದು ಉಸಿರು ಮೊದಲೇ ತಟ್ಟನೆ ಇಳಿದುಬಿಡುತ್ತಿತ್ತು. ಬೇರೆ ಯಾವ ತಿರುವಿನಲ್ಲೂ ಹಾಗಾಗುತ್ತಿರಲಿಲ್ಲ. ಅದರ ಬೆನ್ನಿಗೇ ಗ್ರೇಡಿಯ ಇಂಜಿನ್ ಗುಡುಗಿ ಮುಂದೆ ಹೋಗುತ್ತಿತ್ತು.

ಒಂದು ಶನಿವಾರ ದೊಡ್ಡ ಓಟದಲ್ಲಿ ಆರ್ವಿಲ್ ಮೊದಲಿನಿಂದಲೂ ಮುಂದಿದ್ದ. ಮೆಟ್ಟಿಲ ಮೇಲಿನವರೆಲ್ಲ ಎದ್ದು ನಿಂತು ಅವನ ಹೆಸರು ಕೂಗುವುದು ಅವಳಿಗೆ ಕೇಳುತ್ತಿತ್ತು. ಕೊನೆಯ ಸುತ್ತಿನಲ್ಲಿ ಅವಳು ಹುರುಳಿಕಾಯಿ ಮಡಿಲಿಗೆ ಹಾಕಿ ಎರಡೂ ಕೈ ಜೋಡಿಸಿದಳು. ಇವತ್ತೊಂದು ದಿನ ಕಾಲು ತೆಗೀಬೇಡಿ, ತೆಗೀಬೇಡಿ. ಸದ್ದು ಏರಿತು, ಏರಿತು, ಇಳಿಯಿತು. ಗ್ರೇಡಿ ಗೆದ್ದ.

ಮನೆಗೆ ಹೋಗುವ ದಾರಿಯಲ್ಲಿ ಅವಳು ತಡೆಯಲಾರದೆ ಕೇಳಿಯೇಬಿಟ್ಟಳು. "ಅಲ್ಲೇ ಯಾಕೆ ಕಾಲು ತೆಗೀತೀರಾ?"

"ಕಣ್ಣಿಗೆ ಧೂಳು ಹೋಗುತ್ತೆ."

"ಸುಳ್ಳು. ನಾನು ಹೆದರಿ ಹೆದರಿ ನಿಮಗೂ ಹೆದರಿಕೆ ಹಚ್ಚಿದೀನಿ. ಮುಂದಿನ ವಾರದಿಂದ ನಾನು ಬರೋದಿಲ್ಲ."

ಆರ್ವಿಲ್ ಅವಳ ಕಡೆ ತಿರುಗಿದ. ಮುಖದ ತುಂಬ ಕೆಂಪು ಧೂಳು, ಕನ್ನಡಕ ಇದ್ದ ಜಾಗ ಮಾತ್ರ ಬೆಳ್ಳಗಿತ್ತು.

"ನೀನು ಬರ್ದೇ ಇದ್ರೆ ನಾನೂ ಹೋಗೋದಿಲ್ಲ," ಎಂದ. ಆಮೇಲೆ, "ಊಟಕ್ಕೇನು?" ಎಂದು ಕೇಳಿದ.

ಅವನು ಬೇಸರ ಮಾಡಿಕೊಂಡಿರಲಿಲ್ಲ, ಅದೇ ಅವಳಿಗೆ ಇನ್ನೂ ಕಷ್ಟವಾಯಿತು. ಆಮೇಲೂ ಅವಳು ಬರುತ್ತಲೇ ಇದ್ದಳು, ಅವನು ಎಷ್ಟೋ ವರ್ಷ ಓಡಿಸಿದ, ಒಂದೇ ಒಂದು ದೊಡ್ಡ ಓಟ ಗೆಲ್ಲಲಿಲ್ಲ. ಕಾರು ಗುಜರಿಗೆ ಹೋಯಿತು, ಗಿರಣಿ ಮುಚ್ಚಿತು, ಮಂಡಿ ನೋವು ಬಂತು. ತನ್ನ ಪುಕ್ಕಲುತನವೇ ಗಂಡನ ಕಾಲನ್ನು ಹಿಡಿದೆಳೆಯಿತು, ಜಗತ್ತಿನಲ್ಲಿ ಅವನು ಆಸೆಪಟ್ಟ ಒಂದೇ ವಸ್ತುವನ್ನು ತಾನು ಕೈತಪ್ಪಿಸಿದೆ ಎಂಬ ಮುಳ್ಳು ವರ್ನೆಲ್‌ಳೊಳಗೆ ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ಕೊನೆಯ ವಾರ ಕೇಳೋಣವೆಂದುಕೊಂಡಳು. ಅವನು ನಿದ್ದೆಯಲ್ಲಿದ್ದ, ಎಬ್ಬಿಸಲು ಮನಸ್ಸು ಬರಲಿಲ್ಲ.

*

ಗ್ರೇಡಿ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲ ತನಕ ಬಂದ. ಅವಳ ಮುಖ ನೋಡಿ ಅವನ ನಗು ಇಳಿಯಿತು.

"ವರ್ನೆಲ್, ತಮಾಷೆಗೆ ಅಂದೆ ಕಣಮ್ಮ. ಅವನಿದ್ದಾಗ ಎದುರಿಗೇ ಅಂತಿದ್ದೆ, ಅವನೂ ನಗ್ತಿದ್ದ."

"ಗೊತ್ತು."

"ನನಗೇನು ಕಮ್ಮಿ ಉಪಕಾರ ಮಾಡಿದಾನಾ? ನಾನು ಗೆದ್ದಿದ್ರಲ್ಲಿ ಅರ್ಧಕ್ಕರ್ಧ ಅವನ ಆ ತಿರುವಲ್ಲೇ ಗೆದ್ದಿದ್ದು." ಗ್ರೇಡಿ ಬೂಟಿನಿಂದ ಮಣ್ಣು ಕೆದಕಿದ. "ಎಲ್ರೂ ಅಂತಾರೆ, ಹೆದರ್ತಿದ್ದ ಅಂತ. ಹೆದರೋನಾದ್ರೆ ಬೇಲಿ ಪಕ್ಕದಲ್ಲೇ ಯಾಕೆ ಹೋಗ್ತಿದ್ದ? ನಾವೆಲ್ಲ ಇಳಿಜಾರಿನ ಒಳಬದಿ, ಕೆಳಗಿಂದ ಹೋಗೋರು, ಅದು ಹತ್ತಿರದ ದಾರಿ. ಇವನೊಬ್ಬ ಹೊರಗಡೆ, ಮೇಲೆ. ನಾನೂ ಸಾವಿರ ಸಲ ಕೇಳಿದೀನಿ, ಅಲ್ಲಿ ಏನಯ್ಯಾ ನಿಂಗೆ ಅಂತ."

"ಏನಂದ್ರು?"

"'ಒಂದು ಸಲ ಮೇಲಿಂದ ಹೋಗಿ ನೋಡು ಗ್ರೇಡಿ' ಅಂದ. ಸೋಲೋಕೆ ನನಗೇನು ಹುಚ್ಚಾ? ಹೋಗ್ಲಿಲ್ಲ."

ವರ್ನೆಲ್ ಅವನನ್ನು ದಿಟ್ಟಿಸಿ ನೋಡಿದಳು. "ನೋಡು ಅಂದ್ರಾ? ಹಾಗೇ ಅಂದ್ರಾ?"

"ಅವನ ಆಣೆಗೂ."

ಅವಳು ಕೈಚೀಲವನ್ನು ಟೆರೆಲ್‌ನ ಕೈಗೆ ಕೊಟ್ಟಳು. ಬಾಗಿಲ ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ತಣ್ಣೀರಿಗೆ ಇಳಿಯುವವಳಂತೆ ಉಸಿರು ಬಿಗಿಹಿಡಿದು ಒಳಗೆ ಕಾಲಿಟ್ಟಳು. ಮುದುಕರೆಲ್ಲ ದಾರಿ ಬಿಟ್ಟು ಸರಿದರು. ಫರ್ಮನ್ ಓಡಿಬಂದು ಶವದ ಗಾಡಿಯ ಮುಂದಿನ ಬಾಗಿಲು ತೆಗೆದ.

"ವರ್ನೆಲಮ್ಮಾ, ನಿಧಾನವಾಗಿ ಕೆಳಗಿಂದಾನೇ ಕರ್ಕೊಂಡು ಹೋಗ್ತೀನಿ, ಹೆದರಬೇಡಿ."

"ಕೆಳಗಿಂದ ಬೇಡ. ಬೇಲಿ ಪಕ್ಕ ಹೋಗಪ್ಪಾ."

"ಅಲ್ಲಿ ಮಣ್ಣು ಮೆತ್ತಗಿದೆ. ಹೂತುಕೊಂಡ್ರೆ?"

"ನಾನು ಹಿಂದಿಂದ ತಳ್ತೀನಿ," ಎಂದ ಗ್ರೇಡಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ. "ಅವನನ್ನ ತಳ್ಳಿ ಅಭ್ಯಾಸ ಇದೆ."

ಗಾಡಿ ಹೊರಟಿತು. ಹಿಂದೆ ಹಳೆಯ ಇಂಜಿನ್‌ಗಳು ಒಂದೊಂದಾಗಿ ಕೆಮ್ಮಿ, ಗೊರಗುಟ್ಟಿ, ಕೊನೆಗೆ ಒಟ್ಟಿಗೆ ಗರ್ಜಿಸಿದವು. ಸೀಟಿನಡಿಯಿಂದ ಸದ್ದು ಮೈಗೆ ಏರಿತು. ಇಷ್ಟು ಹತ್ತಿರದಿಂದ ವರ್ನೆಲ್ ಅದನ್ನು ಕೇಳಿಯೇ ಇರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಕೈಯನ್ನು ಹಿಂದಕ್ಕೆ ಚಾಚಿದಳು, ಪೆಟ್ಟಿಗೆ ನಿಲುಕಲಿಲ್ಲ.

ಮೊದಲ ತಿರುವು ದಾಟಿತು, ಎರಡನೆಯದು. ಫರ್ಮನ್ ಬೆವರುತ್ತ ಗಾಡಿಯನ್ನು ಮೇಲಕ್ಕೇರಿಸಿದ. ಬೇಲಿಯ ಹಲಗೆಗಳು ಅವಳ ಕಿಟಕಿಯ ಪಕ್ಕದಲ್ಲೇ ಹಿಂದಕ್ಕೆ ಓಡತೊಡಗಿದವು.

"ಇನ್ನೂ ಪಕ್ಕಕ್ಕೆ."

"ಕನ್ನಡಿ ಮುರಿಯುತ್ತೆ, ವರ್ನೆಲಮ್ಮಾ!"

"ಮುರೀಲಿ."

ಎದುರು ಬದಿಯ ನೇರ ದಾರಿ ತೆರೆದುಕೊಂಡಿತು. ಅದರ ತುದಿಯಲ್ಲಿ ಬೇಲಿ ತಿರುವಿಗೆ ಬಾಗುವ ಜಾಗದಲ್ಲಿ, ಕೆಟ್ಟುನಿಂತ ಕಾರುಗಳನ್ನು ಎಳೆದೊಯ್ಯುವ ಗಾಡಿಗೆಂದು ಒಂದು ಸಂದಿ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಕೂತವರಿಗೆ ಅದು ಕಾಣದು. ಕೆಳಗಿನಿಂದ ಹೋಗುವವರಿಗೂ ಬರೀ ಹಲಗೆಯೇ ಎದುರಾಗುತ್ತದೆ. ಬೇಲಿಗೆ ಅಂಟಿಕೊಂಡು ಬರುವವನಿಗೆ ಮಾತ್ರ, ತಿರುವಿಗೆ ಸ್ವಲ್ಪ ಮೊದಲು, ಅದು ನೇರ ಮುಂದೆ ಬಂದು ನಿಲ್ಲುತ್ತದೆ.

ಆ ಸಂದಿಯೊಳಗೆ ಓಕ್ ಮರವಿತ್ತು. ಮರದ ಕೆಳಗೆ ಟೆರೆಲ್‌ನ ಟ್ರಕ್ಕು. ಅದರ ಮೂತಿಯ ಮೇಲೆ, ಕೂಸಿಗೆ ಸದ್ದು ಬಡಿಯದಂತೆ ಇತ್ತ ಬೆನ್ನು ಮಾಡಿ, ಮಾರ್ಲಾ ತಲೆ ತಗ್ಗಿಸಿ ಕೂತಿದ್ದಳು. ಮೇಲೆತ್ತಿ ಕಟ್ಟಿದ ಕೂದಲು, ಬಿಸಿಲು ಬಿದ್ದ ಕತ್ತು, ಮಡಿಲಿನಲ್ಲಿ ಏನನ್ನೋ ಮಾಡುತ್ತಿದ್ದ ಕೈಗಳು. ಕಂಡಿದ್ದು ಅಷ್ಟೆ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು.

"ಅಯ್ಯೋ, ನಮ್ಮಪ್ಪಾ," ಎಂದಳು ವರ್ನೆಲ್. "ನನ್ನ ನೋಡ್ತಿದ್ರಾ?"

ಅವಳಿಗೆ ಅಳು ಬಂತು, ಅದರ ಮಧ್ಯೆಯೇ ನಗುವೂ ಬಂತು. ಎಷ್ಟು ಶನಿವಾರ! ಒಂದೇ ಒಂದು ಸಲ ತಿರುಗಿದ್ದರೆ ಆಗುತ್ತಿತ್ತು.

"ಕಾಲು ತೆಗಿ ಫರ್ಮನ್," ಎಂದಳು. "ಇಲ್ಲಿ ಕಾಲು ತೆಗೀಬೇಕು."

ಫರ್ಮನ್ ಕಾಲು ತೆಗೆದ. ಗಾಡಿ ಸೋತಂತೆ ನಿಧಾನವಾಗಿ ಬೇಲಿಯ ಪಕ್ಕ ಉರುಳಿತು. ಕೆಳಗಿನ ದಾರಿ ಪೂರ್ತಿ ಖಾಲಿ ಬಿತ್ತು, ಎರಡು ಕಾರು ಜೊತೆಯಾಗಿ ನುಗ್ಗುವಷ್ಟು. ಹಿಂದೆ ಹಳದಿ ಕಾರಿನ ಗುಡುಗು ಹತ್ತಿರವಾಯಿತು, ಆಮೇಲೆ ಇಳಿಯಿತು. ಅದರ ಹಿಂದಿನದೂ ಇಳಿಯಿತು, ಅದರ ಹಿಂದಿನದೂ. ವರ್ನೆಲ್ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ನೋಡಿದಳು. ಗ್ರೇಡಿ ಕೆಳಗಿಳಿಯದೆ ಬೇಲಿಯ ಪಕ್ಕದಲ್ಲೇ ಬರುತ್ತಿದ್ದ. ಉಳಿದ ಮುದುಕರೂ ಅವನ ಹಿಂದೆ ಒಬ್ಬೊಬ್ಬರಾಗಿ, ಆರ್ವಿಲ್‌ನನ್ನು ಯಾರೂ ದಾಟದೆ ಮೂರನೇ ತಿರುವನ್ನು ಹಾಯುತ್ತಿದ್ದರು.