ಆರು ತಿಂಗಳ ಮಂಡಿನೋವು

ಸುಮಿತ್ರಳ ಮಂಡಿ ಸವೆಯತೊಡಗಿ ಇಪ್ಪತ್ತು ವರ್ಷವಾಗಿತ್ತು. ಇನ್ಶೂರೆನ್ಸ್ ಕಂಪನಿಯ ಮಟ್ಟಿಗೆ ಮಾತ್ರ ಅದಕ್ಕೆ ಆರೇ ತಿಂಗಳು.

ಗಂಡ ಜನಾರ್ದನರಾಯರ ಬ್ಯಾಂಕು ನಿವೃತ್ತರಿಗೆ ಕೊಟ್ಟಿದ್ದ ವಿಮೆ ಒಂದು ಮಂಡಿಯ ಆಪರೇಷನ್ನಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ, 2006ರಲ್ಲಿ, ಅರವತ್ತು ದಾಟಿದವರಿಗೆಂದು ಹೊಸದಾಗಿ ಬಂದ ಪಾಲಿಸಿಯೊಂದನ್ನು ಅದರ ಮೇಲೆ ಮಾಡಿಸಿದ್ದರು. ಪಾಲಿಸಿ ಮುದುಕರಿಗೆ, ಆದರೆ ಮೊದಲೇ ಇದ್ದ ಕಾಯಿಲೆಗೆ ಬಿಡಿಗಾಸಿಲ್ಲ! ಏನೂ ಆಗದ ಮುದುಕಿಯನ್ನು ಎಲ್ಲಿಂದ ತರೋಣ ಎಂದು ಸುಮಿತ್ರ ಕೇಳಿದಾಗ, ಏಜೆಂಟ್ ಹಲ್ಲು ಕಿರಿದು, ಕೇಳಿದ್ದಕ್ಕೆಲ್ಲ ‘ಇಲ್ಲ’ ಎಂದುಬಿಡಿ ಎಂದಿದ್ದ. ಗಂಡ ಹೆಂಡತಿ ಹಾಗೇ ಅಂದಿದ್ದರು.

ಈಗ ಆಕೆ ತಿರುವನಂತಪುರದ ಆಸ್ಪತ್ರೆಯಲ್ಲಿ ಮಲಗಿದ್ದಳು. ಮಾರನೆಯ ದಿನ ಆಪರೇಷನ್. ಅದಕ್ಕೆ ಮುಂಚೆ ವಿಚಾರಿಸಲು ಕಂಪನಿಯವನು ಬರಬೇಕಿತ್ತು.

“ನಾನೇ ಮಾತಾಡ್ತೀನಿ. ನೀವು ಬಾಯಿ ಬಿಡ್ಬೇಡಿ” ಎಂದು ಗಂಡನಿಗೆ ತಾಕೀತು ಮಾಡಿದಳು.

ಬಾಯಿ ಬಿಡಲು ರಾಯರಿಗೆ ಮಲಯಾಳ ಬಂದರೆ ತಾನೇ? ಇಷ್ಟು ವರ್ಷ ಕೇರಳದಲ್ಲಿದ್ದು ಅವರು ಕಲಿತದ್ದು ‘ಚಾಯ’ ಒಂದನ್ನೇ. ಚಾಲೈ ಪೇಟೆಯಲ್ಲಿ ಚೌಕಾಸಿ ಮಾಡಿ ಮಾಡಿ ಭಾಷೆ ಕಲಿತವಳು ಸುಮಿತ್ರ. ಕೊಚ್ಚಿಯಲ್ಲಿದ್ದ ಮಗಳು ನಿಶಾ ಅಪ್ಪನ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು. ಹೀಗಾಗಿ ರಾಯರ ಹೊಟ್ಟೆಯಲ್ಲಿ ಮಾತು ಉಳಿದು ಉಳಿದು ಹುಳಿ ಬಂದಿತ್ತು.

ಬಂದವನು ಸಂಭಾವಿತನಂತಿದ್ದ ಯುವಕ. ಮಲಯಾಳದಲ್ಲಿ ಕೇಳಿದ. ಸುಮಿತ್ರ ಮುಖ ಕಿವುಚಿಕೊಂಡು, ಮಲಯಾಳದಲ್ಲೇ, ನೋವು ಶುರುವಾಗಿ ಆರು ತಿಂಗಳೆಂದಳು. ಅವನು ತಲೆದೂಗಿ ಎದ್ದ. ಬದುಕಿದೆ ಎಂದುಕೊಂಡಳು.

“ಮುಗೀತೇನೇ?” ಎಂದರು ರಾಯರು.

ಯುವಕ ಗಕ್ಕನೆ ತಿರುಗಿದ. “ನೀವು ಕನ್ನಡದವರಾ? ನಾನು ಕಾಸರಗೋಡಿನವ ಸಾರ್, ಸುದರ್ಶನ. ಇಲ್ಲಿ ಕನ್ನಡ ಕೇಳದೆ ಎಷ್ಟು ಸಮಯ ಆಯ್ತು ಮಾರಾಯ್ರೆ!”

ರಾಯರು ಅವನಿಗೆ ಕುರ್ಚಿ ಎಳೆದು ಕೊಟ್ಟರು. ಮಾತು ಮೈಸೂರಿನಲ್ಲಿ ಹೊರಟಿತು. ಮೊದಲ ಪೋಸ್ಟಿಂಗು, ಎರಡನೆಯ ಮ್ಯಾನೇಜರ ಜಿಪುಣತನ, ಎಲ್ಲ ದಾಟಿ ಕೊಚ್ಚಿಯ ಹತ್ತಿರದ ಕಳಮಶ್ಶೇರಿ ಬ್ರಾಂಚಿಗೆ ಬಂದಾಗ ಸುಮಿತ್ರ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ರಾಯರು ನೀರಿನ ಲೋಟ ಕೊಟ್ಟು ಮುಂದುವರಿಸಿದರು.

“ಅಲ್ಲಿ ನಮ್ಮ ಕ್ವಾರ್ಟರ್ಸ್ ಮೂರನೇ ಮಹಡೀಲಿ. ನೀರು ಕೆಳಗಿಂದ ಹೊತ್ತು ಹೊತ್ತು ಇವಳ ಮಂಡಿ ಹೋಗಿದ್ದೇ ಅಲ್ಲಿ ಕಣಪ್ಪ! ನಾನು ಎಷ್ಟು ಎಣ್ಣೆ ತಿಕ್ಕಿದೀನಿ ಅಂತೀಯ!”

ಎಣ್ಣೆ ತಿಕ್ಕಿದ್ದು ಶುದ್ಧ ಸುಳ್ಳು. ಅದನ್ನು ತಿಕ್ಕಿಕೊಂಡವಳೂ ಅವಳೇ, ನೀರು ಹೊತ್ತವಳೂ ಅವಳೇ.

“ಅದು ಯಾವ ವರ್ಷ ಸಾರ್?” ಸುದರ್ಶನ ಮೆಲ್ಲಗೆ ಕೇಳಿದ.

“ಎಂಬತ್ತೆಂಟು!” ಎಂದರು ರಾಯರು, ಬಹುಮಾನ ಗೆದ್ದವರಂತೆ.

ಸಂಜೆಯೊಳಗೆ ಕಂಪನಿ ಕೈ ಎತ್ತಿತು. ಕಾಯಿಲೆ ಹಳೆಯದಂತೆ. ಆಪರೇಷನ್ ಇಲ್ಲದೆ ಕುಂಟುತ್ತ ಮನೆಗೆ ಮರಳಿದ ಸುಮಿತ್ರಳಿಗೆ ಮಂಡಿಗಿಂತ ಮೈಯೇ ಹೆಚ್ಚು ಉರಿಯುತ್ತಿತ್ತು.

“ಪಾಪ, ಅವನ ಕೆಲಸ ಅವನು ಮಾಡ್ದ” ಎಂದರು ರಾಯರು. “ಆದ್ರೂ ಎಂಥಾ ಹುಡುಗ! ನಾನು ಹೇಳಿದ್ದನ್ನೆಲ್ಲ ಎಷ್ಟು ಗಮನ ಇಟ್ಟು ಕೇಳ್ದ! ಭಾನುವಾರ ಊಟಕ್ಕೆ ಕರ್ದಿದೀನಿ. ಬಿಸಿಬೇಳೆಬಾತ್ ಮಾಡ್ತೀಯಲ್ಲ?”

ಸುಮಿತ್ರ ಸೌಟನ್ನು ತಂದು ಅವರ ಕೈಗಿಟ್ಟಳು.

ಭಾನುವಾರ ಸುದರ್ಶನ ಹಣ್ಣು ಹಿಡಿದು ಬಂದ. ಅಡುಗೆಮನೆಯಲ್ಲಿ ರಾಯರು ತಳಹತ್ತಿದ ಪಾತ್ರೆಯ ಮುಂದೆ ಬೆವರುತ್ತಿದ್ದರು. ಸುಮಿತ್ರ ಹಜಾರದಲ್ಲಿ ಎರಡೂ ಕಾಲು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು.

“ಈಗ ಹೇಗುಂಟಮ್ಮ ಕಾಲು?” ಎಂದು ಅವನು ಕೇಳಿದ.

ಸುಮಿತ್ರ ಅವನನ್ನು ನೋಡಿ ಬಾಯ್ತುಂಬ ನಕ್ಕು, ಮಲಯಾಳದಲ್ಲಿ ಅಂದಳು:

“ಎನಿಕ್ಕ್ ಕನ್ನಡ ಅರಿಯಿಲ್ಲ, ಮೋನೇ.” ಅವಳಿಗೆ ಕನ್ನಡವೇ ಬಾರದಂತೆ!