ಜೀಪಿನ ತಗಡು ಟಾಪು

ಮಲ್ಲಿಕಾರ್ಜುನಯ್ಯನ ತಲೆ ಜೀಪಿನ ಟಾಪಿಗೆ ದಡ್ಡನೆ ಬಡಿಯಿತು.

“ಮೆತ್ತಗೆ ಕಣ್ರೋ! ಹೆಣ ಅಂತ ಹಿಂಗಾ ಕುಕ್ಕೋದು?” ಎಂದು ನೆರೆಮನೆಯ ದ್ಯಾವಮ್ಮ ಕೂಗಿದಳು.

ಹೆಣ ಹೊತ್ತಿದ್ದ ನಾಲ್ವರೂ ಹಿಂದಕ್ಕೆಳೆದು ಇನ್ನೊಂದು ಸಲ ನುಗ್ಗಿಸಿದರು. ಮತ್ತೆ ದಡ್. ಸತ್ತವರನ್ನು ಕೂರಿಸಿಯೇ ಒಯ್ದು, ಕೂರಿಸಿಯೇ ಹೂಳುವ ಜನ ಅವರು. ಮೈತೊಳೆದು, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ ಮರದ ಪೀಠಕ್ಕೆ ಕಟ್ಟಿದ್ದರು. ಪೀಠದ ಎತ್ತರವೂ ಸೇರಿ ಹೆಣ ಟಾಪಿಗಿಂತ ಗೇಣು ಮೇಲಿತ್ತು. ಅಜ್ಜಂಪುರದಿಂದ ಮಣ್ಣು ಮಾಡುವ ಹೊಲ ಮೂರು ಮೈಲಿ. ನನ್ನನ್ನು ನನ್ನ ಜೀಪಿನಲ್ಲೇ ಒಯ್ಯಬೇಕು ಎಂದು ಸತ್ತವನು ಊರಿಗೆಲ್ಲ ಹೇಳಿಟ್ಟಿದ್ದ. ಬದುಕಿದ್ದಾಗಲೇ ಅವನ ಮಾತು ಮೀರಿದವರಿಲ್ಲ, ಈಗ ಯಾರು ಮೀರುತ್ತಾರೆ?

“ತಲೆ ಒಸಿ ಬಗ್ಗಿಸ್ರಪ್ಪ,” ಎಂದ ಸತ್ತವನ ತಮ್ಮ ಓಂಕಾರಯ್ಯ.

“ಕೈಲಿ ಲಿಂಗ ಐತೆ. ತಲೆ ಬಗ್ಗಿಸಂಗಿಲ್ಲ,” ಎಂದರು ಮಠದ ಅಯ್ನೋರು.

ಸತ್ತವನ ಹೆಂಡತಿ ಹಾಲಮ್ಮ ಜಗಲಿಯ ಕಂಬಕ್ಕೊರಗಿ ಕೂತಿದ್ದಳು. “ಟಾಪು ಕಿತ್ತಾಕ್ರಿ,” ಎಂದಳು.

ಹೆಂಗಸರು ಕಣ್ಣೊರೆಸಿಕೊಂಡರು. “ಗಂಡನ ಆಸೆ ನಡೆಸ್ತಾಳೆ ನೋಡೇ,” ಎಂದಳು ದ್ಯಾವಮ್ಮ. “ದೇವರಂಥೋನು. ಬಸುರಿ ನೋಯ್ತಾಳೆ ಅಂದ್ರೆ ಉಣ್ಣೋ ತಟ್ಟೆ ಬಿಟ್ಟೆದ್ದು ತರೀಕೆರೆ ಆಸ್ಪತ್ರೆಗೆ ಬಿಟ್ ಬರ್ತಿದ್ದ.”

ಅದು ಸುಳ್ಳಲ್ಲ. ಊರಿಗೆ ಅವನು ಹಾಗೆಯೇ ಇದ್ದ.

*

ಎಪ್ಪತ್ತಾರರಲ್ಲಿ ಆ ಜೀಪಿಗೆ ಕ್ಯಾನ್ವಾಸಿನ ಹುಡ್ ಇತ್ತು. ಮಳೆ ಬಂದರೆ ಹೊಲಿಗೆಗಳಿಂದ ತೊಟ್ಟಿಕ್ಕುತ್ತಿತ್ತು, ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಶಿವನಿಯಲ್ಲಿ ಮದುವೆ ಮುಗಿಸಿ ಬರುವಾಗ ರೈಲ್ವೆ ಗೇಟು ಹಾಕಿತ್ತು. ಮದುವೆಮನೆಯಲ್ಲಿ ಯಾರದೋ ಮಾತಿಗೆ ನಕ್ಕದ್ದೇ ಹಾಲಮ್ಮನ ತಪ್ಪು. ಗೇಟು ತೆಗೆಯುವಷ್ಟರಲ್ಲಿ ಅವನು ಅವಳ ಜುಟ್ಟು ಹಿಡಿದು ಡ್ಯಾಶ್‌ಬೋರ್ಡಿಗೆ ಮುಖ ಗುದ್ದಿದ. ಅವಳು ಕಿರುಚಿದಳು.

ಕ್ಯಾನ್ವಾಸು ಯಾವ ಸದ್ದನ್ನು ತಡೆದೀತು? ಗೇಟಿನಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಪರದೆ ಸರಿಸಿ ಚಪ್ಪಲಿಯಲ್ಲೇ ಅವನ ಮುಖಕ್ಕೆ ಬಾರಿಸಿದಳು. “ಥೂ, ಗಂಡ್ಸೇನೋ ನೀನು?” ಸುತ್ತ ನಿಂತವರು ಸೇರಿಕೊಂಡರು. ಅವನು ತಲೆತಗ್ಗಿಸಿ ಕೂತ.

ಮುಂದಿನ ವಾರ ತರೀಕೆರೆಯ ಟಿಂಕರ್ ಲಕ್ಕಣ್ಣನ ಶೆಡ್ಡಿಗೆ ಜೀಪು ಹೋಯಿತು.

“ತಗಡಿನ ಟಾಪು ಕೂರ್ಸು. ನೀರು ಒಳಗೆ ಬರಬಾರ್ದು, ಸದ್ದು ಹೊರಗೆ ಹೋಗ್ಬಾರ್ದು.”

“ಎಲ್ರೂ ಹೊರಗಿನ ಸದ್ದು ಒಳಗೆ ಬ್ಯಾಡ ಅಂತಾರೆ. ನಿಮ್ಮದೇನು ಸಾವ್ಕಾರ್ರೇ, ಉಲ್ಟಾ?” ಎಂದು ಲಕ್ಕಣ್ಣ ನಕ್ಕ. ನಕ್ಕರೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ದಪ್ಪ ತಗಡು, ಒಳಗೆ ಕಂಬಳಿಯ ಪದರ, ಸಂದಿಗಳಿಗೆಲ್ಲ ರಬ್ಬರು, ಸರಿಸುವ ಗಾಜು, ಗಾಜಿಗೆ ಪರದೆ. ಮೇಲೆ ಕೊಡಗಟ್ಟಲೆ ನೀರು ಹೊಯ್ದರೂ ಹನಿ ಇಳಿಯಲಿಲ್ಲ.

ಅಂದಿನಿಂದ ಅವನು ಮೊದಲು ಗಾಜು ಮುಚ್ಚುತ್ತಿದ್ದ, ಆಮೇಲೆ ಹೊಡೆಯುತ್ತಿದ್ದ. ಒಮ್ಮೆ ತರೀಕೆರೆಯ ಸಂತೆಯ ನಡುವೆಯೇ ನಿಲ್ಲಿಸಿ ಹೊಡೆದ. ಅವಳು ಗಂಟಲು ಹರಿಯುವಂತೆ ಕೂಗಿಕೊಂಡಳು. ಒಂದು ಮಾರು ದೂರದಲ್ಲಿ ಮೆಣಸಿನಕಾಯಿ ತೂಗುತ್ತಿದ್ದವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. ಆಮೇಲೆ ಅವಳು ಕೂಗುವುದನ್ನೇ ಬಿಟ್ಟಳು. ಬಲಗಿವಿ ಹೋಯಿತು, ಮುಂದಿನ ಹಲ್ಲೆರಡು ಹೋದವು. ಕೇಳಿದವರಿಗೆ ಬಚ್ಚಲಲ್ಲಿ ಜಾರಿದೆ ಎನ್ನುತ್ತಿದ್ದಳು. ಅದೆಷ್ಟು ಬಚ್ಚಲು ಜಾರುತ್ತವೋ ನಮ್ಮ ಹೆಂಗಸರಿಗೆ!

*

“ಅಣ್ಣ ಜೀವ ಇಟ್ಕಂಡಿದ್ದ ಟಾಪು, ಅತ್ತಿಗೆ. ನಾಳೆಯಿಂದ ಜೀಪು ಓಡ್ಸೋನು ನಾನು. ಮಣ್ಣಿಗೆ ಟ್ರ್ಯಾಕ್ಟರ್ ತರ್ಸ್ತೀನಿ,” ಎಂದ ಓಂಕಾರಯ್ಯ.

ಬಾಗಿಲ ಹಿಂದೆ ಅವನ ಹೆಂಡತಿ ಕಾಂತಮ್ಮ ನಿಂತಿದ್ದಳು. ಮದುವೆಯಾಗಿ ವರ್ಷ ತುಂಬಿಲ್ಲ, ಆಗಲೇ ಸೆರಗಿನಿಂದ ಕೆನ್ನೆ ಮುಚ್ಚಿಕೊಳ್ಳುವುದನ್ನು ಕಲಿತಿದ್ದಳು. ಆ ತಗಡು ಇವತ್ತೇ ಬೀಳದಿದ್ದರೆ ನಾಳೆ ಅದರ ಕೆಳಗೆ ಕೂರುವವಳು ಈ ಹುಡುಗಿ. ಹಾಲಮ್ಮನಿಗೆ ಇದ್ದದ್ದು ಅದೊಂದೇ ಭಯ.

“ನಿಮ್ಮಣ್ಣ ಕೇಳಿದ್ದು ಜೀಪು, ಟ್ರ್ಯಾಕ್ಟರ್ ಅಲ್ಲ. ಲಕ್ಕಣ್ಣ, ಕೀಳಪ್ಪ.”

ಮಣ್ಣಿಗೆ ಬಂದಿದ್ದ ಲಕ್ಕಣ್ಣ ಬೋಲ್ಟು ಮುಟ್ಟಿ ನೋಡಿದ. “ತುಕ್ಕು ಹಿಡ್ದೈತೆ ಅಮ್ಮಾ. ಉಳಿ ಹಾಕಿ ಒಡೀಬೇಕು.”

ಓಂಕಾರಯ್ಯ ಅವನನ್ನು ಹಿಡಿದು ನೂಕಿದ. ಲಕ್ಕಣ್ಣನ ಹಣೆ ಬಾಗಿಲ ಅಂಚಿಗೆ ತಾಗಿ ರಕ್ತ ಹುಬ್ಬಿನಿಂದಿಳಿಯಿತು. ಹಾಲಮ್ಮ ಎದ್ದು ಬಂದಳು. ಒಳಗಿನಿಂದ ಉಳಿ, ಸುತ್ತಿಗೆ ತಂದು, ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟದ್ದು ಕಾಂತಮ್ಮ.

“ಏಯ್, ಒಳಗ್ ಹೋಗೇ!” ಎಂದು ಓಂಕಾರಯ್ಯ ಹೆಂಡತಿಯ ಮೇಲೆ ಕೈಯೆತ್ತಿದ. ಎತ್ತಿದ ಕೈಗೆ ಸುತ್ತಿಗೆ ಬಿತ್ತು. ಮೂಳೆ ಮುರಿದದ್ದು ಅಂಗಳಕ್ಕೆಲ್ಲ ಕೇಳಿತು. ಅವನು ಮಣಿಕಟ್ಟು ಹಿಡಿದುಕೊಂಡು ಮಣ್ಣಿನಲ್ಲಿ ಹೊರಳಿದ.

“ಸತ್ತೋರ ಆಸೆ ಕಣಯ್ಯಾ, ಅಡ್ಡ ಬಂದ್ರೆ ಇನ್ನೇನಾಯ್ತದೆ?” ಎಂದರು ಅಯ್ನೋರು, ಎರಡು ಹೆಜ್ಜೆ ಹಿಂದೆ ಸರಿದು.

ಲಕ್ಕಣ್ಣ ಉಳಿ ಹಿಡಿದ, ಹಾಲಮ್ಮ ಹೊಡೆದಳು. ಬೋಲ್ಟುಗಳು ಒಂದೊಂದಾಗಿ ಹಾರಿದವು, ರಬ್ಬರು ಕರುಳಿನಂತೆ ಈಚೆ ಬಂತು. ಟಾಪು ಅಂಗಳಕ್ಕುರುಳಿದ ಮೇಲೂ ಅವಳು ಬಿಡಲಿಲ್ಲ. ಮತ್ತೆ ಯಾವ ಜೀಪಿಗೂ ಕೂರದಂತೆ ಮಗುಚಿ ಮಗುಚಿ ಬಡಿದಳು. ಕಾಂತಮ್ಮ ಒನಕೆ ತಂದು ಸೇರಿಕೊಂಡಳು.

*

ಲಕ್ಕಣ್ಣ ಹಣೆಗೆ ಬಟ್ಟೆ ಕಟ್ಟಿಕೊಂಡು ಜೀಪು ಓಡಿಸಿದ. ಹಿಂದೆ ಹೂವಿನ ನಡುವೆ ಮಲ್ಲಿಕಾರ್ಜುನಯ್ಯ ತಲೆಯೆತ್ತಿ ಕೂತಿದ್ದ, ಪಕ್ಕದಲ್ಲಿ ಹಾಲಮ್ಮ. ಮುಂದೆ ಭಜನೆಯವರು ತಾಳ ಕುಟ್ಟುತ್ತ ನಡೆದರು. ಅಂಗಡಿಯವರು ಎದ್ದು ಕೈಮುಗಿದರು.

ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಹಾಲಮ್ಮ ಕೂಗಿದಳು. ಅಳುವೆಂದುಕೊಂಡು ಯಾರೋ ಅಯ್ಯೋ ಪಾಪ ಎಂದರು. ಅಳುವಲ್ಲ ಅದು.

“ಹೊಡೀಬ್ಯಾಡ್ರೀ! ಸತ್ತೋಗ್ತೀನಿ, ಹೊಡೀಬ್ಯಾಡ್ರೀ!”

ತಾಳಗಳು ತಪ್ಪಿದವು, ಆಮೇಲೆ ನಿಂತವು. ದ್ಯಾವಮ್ಮ ರಸ್ತೆಯ ನಡುವೆಯೇ ಬಾಯಿಗೆ ಕೈ ಅಡ್ಡ ಹಿಡಿದಳು. ಹಾಲಮ್ಮ ಉಸಿರೆಳೆದುಕೊಂಡು ಮತ್ತೆ ಕೂಗಿದಳು, ಒಳಗಿದ್ದ ವರ್ಷಗಳನ್ನೆಲ್ಲ ಸೇರಿಸಿ. ಬೀರೂರಿಗೆ ಹೊರಟಿದ್ದ ಬಸ್ಸಿನೊಳಗೆ, ಬೆಳಗಿನ ಮಳೆಗೆಂದು ಇಳಿಬಿಟ್ಟಿದ್ದ ಕಿಟಕಿಯ ಶಟರುಗಳನ್ನು ಹೆಂಗಸರು ಒಬ್ಬೊಬ್ಬರಾಗಿ ಮೇಲೆತ್ತಿದರು.